ಒಂದು ಫ್ಯಾನು, ಮೂರು ಕೋಣೆ

ಕುರುಗೋಡಿನ ಆ ಪ್ರಾಥಮಿಕ ಶಾಲೆಗೆ ದಾನಿಯೊಬ್ಬರು ಒಂದೇ ಒಂದು ಫ್ಯಾನು ಕೊಟ್ಟದ್ದೇ ಎಲ್ಲ ರಾಮಾಯಣಕ್ಕೂ ಮೂಲ. ಕೋಣೆ ಮೂರು, ಶಿಕ್ಷಕರು ಮೂವರು, ಬಿಸಿಲೋ ಬಳ್ಳಾರಿ ಸೀಮೆಯದು. ಮೊದಲಾಗಿದ್ದರೆ ಮುಖ್ಯೋಪಾಧ್ಯಾಯಿನಿ ಜಯಶ್ರೀ ಮೇಡಂ ಅದನ್ನು ತಮ್ಮ ಕುರ್ಚಿಯ ಮೇಲೆಯೇ ಹಾಕಿಸಿಕೊಳ್ಳುತ್ತಿದ್ದರು. ಆದರೆ ಮೊನ್ನೆ ತಾನೇ ಬಳ್ಳಾರಿಯಲ್ಲಿ ತರಬೇತಿ ಮುಗಿಸಿ ಬಂದವರಿಗೆ, ಶಾಲೆಯ ತೀರ್ಮಾನಗಳನ್ನು ಶಿಕ್ಷಕರೇ ಮಾಡಬೇಕೆಂಬ ಹುರುಪು ಹತ್ತಿತ್ತು.

"ಊಟ ಆದ್ಮ್ಯಾಲೆ ಯಾರ ಕೋಣಿಗೆ ಅಂತ ನೀವ ಕೈ ಎತ್ತಿ ಹೇಳ್ರಿ. ನಾ ಬಾಯಿ ಹಾಕಂಗಿಲ್ಲ," ಅಂದುಬಿಟ್ಟರು.

ಸಿಕ್ಕಿಬಿದ್ದವನು ಮಲ್ಲಯ್ಯ. ಉಮಾಪತಿ ಮೇಷ್ಟ್ರ ಕೈ ಉಮಾಪತಿಯವರಿಗೇ, ಚನ್ನವೀರಮ್ಮ ಟೀಚರ ಕೈ ಚನ್ನವೀರಮ್ಮನವರಿಗೇ. ಉಳಿದದ್ದು ತಗಡಿನ ಕೋಣೆಯಲ್ಲಿ ಒಂದನೇ ತರಗತಿ ಕಾಯುವ ಮಲ್ಲಯ್ಯನ ಕೈ. ಎಲ್ಲರಿಗಿಂತ ಕಿರಿಯನಾದ ಅವನಿಗೆ ಫ್ಯಾನು ತನಗೇ ಬೇಕೆನ್ನಲು ಬಾಯಿ ಬರಲಿಲ್ಲ. ಯಾರಿಗಾದರೂ ಇಲ್ಲವೆನ್ನುವ ಅಭ್ಯಾಸವಂತೂ ಹುಟ್ಟಿನಿಂದಲೇ ಇಲ್ಲ.

ಬಿಡುವಿನಲ್ಲಿ ಉಮಾಪತಿ ಮಿರ್ಚಿಯ ಪೊಟ್ಟಣ ಬಿಚ್ಚಿದರು. "ತಿನ್ರಿ ಮಲ್ಲಯ್ಯ. ಮಧ್ಯಾಹ್ನ ನಿಮ್ಮ ಕೈ ನನ್ನ ಕಡಿ ಇರ್ಲಿ."

"ಆತು ಬಿಡ್ರಿ ಸರ್."

ಊಟದ ಹೊತ್ತಿಗೆ ಚನ್ನವೀರಮ್ಮ ಪಡ್ಡು, ಕೆಂಪು ಚಟ್ನಿಯ ಡಬ್ಬಿ ಮುಂದಿಟ್ಟರು. "ತಮ್ಮಾ, ಈ ಅಕ್ಕನ್ನ ಮರಿಬ್ಯಾಡಪ."

"ಮರೀತೀನೇನ್ರಿ ಅಕ್ಕಾರ."

ಎರಡು ದೋಣಿಯಲ್ಲಿ ಕಾಲಿಟ್ಟಿದ್ದೇನೆಂದು ಅವನಿಗೆ ಹೊಳೆದದ್ದು ಸಭೆಯಲ್ಲಿ ಇಬ್ಬರ ನಡುವೆ ಕೂತ ಮೇಲೆ. ಯಾರಿಗೆ ಕೈ ಎತ್ತಿದರೂ ಇನ್ನೊಬ್ಬರ ಮುಖ ನೋಡುವ ಹಾಗಿಲ್ಲ. ಮೇಲೆ ಮಿರ್ಚಿ, ಚಟ್ನಿಗಳ ಖಾರ ಬೇರೆ. ಬೆವರು ಕಿತ್ತುಕೊಂಡು ಬಂದು ಅಂಗಿ ಬೆನ್ನಿಗಂಟಿತು.

ಮೇಡಂ ಕಣ್ಣಿಗೆ ಬಿದ್ದದ್ದು ಅದೇ. "ಅಯ್ಯ ಪಾಪ, ತಗಡಿನ ಕೆಳಗ ಕುಂತು ಕುಂತು ಹೆಂಗ ಕರಗ್ಯಾರ ನೋಡ್ರಿ. ಇವ್ರಿಗೇ ಕೊಟ್ರ ಹೆಂಗ?"

ಚನ್ನವೀರಮ್ಮನಿಗೆ ಸಿಗುವುದಕ್ಕಿಂತ ಇದೇ ವಾಸಿಯೆಂದು ಉಮಾಪತಿ ಕೈ ಎತ್ತಿದರು. ಉಮಾಪತಿಗೆ ಸಿಗುವುದಕ್ಕಿಂತ ಇದೇ ವಾಸಿಯೆಂದು ಚನ್ನವೀರಮ್ಮನೂ ಎತ್ತಿದರು.

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತ್ತು. ಒಂದು ಗಂಟೆಯೊಳಗೇ ತಗಡಿನ ಕೆಳಗೆ ಫ್ಯಾನು ಗಿರ್ರನೆ ತಿರುಗತೊಡಗಿತು. ಮಲ್ಲಯ್ಯ ಅದರಡಿ ನಿಂತು, ಜನ್ಮ ಸಾರ್ಥಕವಾಯಿತೆಂದು ಕಣ್ಣು ಮುಚ್ಚಿದ.

ಕಣ್ಣು ಬಿಟ್ಟಾಗ ಉಳಿದೆರಡು ಕೋಣೆಗಳ ಮಕ್ಕಳೆಲ್ಲ ಚೀಲ ಹೊತ್ತು ಒಳಗೆ ನುಗ್ಗುತ್ತಿದ್ದರು. ಹಿಂದೆ ಉಮಾಪತಿ, ಚನ್ನವೀರಮ್ಮ.

"ಇದೇನ್ರಿ ಸರ್?"

"ಮಕ್ಕಳಿಗೂ ಶೆಕಿ ಅಲ್ರಿ. ಬ್ಯಾಸಗಿ ಮುಗಿಯೋತನ ಮಧ್ಯಾಹ್ನ ಎಲ್ಲಾ ಕ್ಲಾಸೂ ಇಲ್ಲೇ, ನಿಮ್ಮ ಕೈಯಾಗ. ಸೇರಿ ತೀರ್ಮಾನ ಮಾಡೀವಿ," ಎಂದರು ಉಮಾಪತಿ.

"ನನ್ನ ಕೇಳಲೇ ಇಲ್ಲಲ್ರಿ."

"ಮೂವರಾಗ ಇಬ್ರು ಕೈ ಎತ್ತಿದ್ರ ಮುಗೀತಲ್ಲ ತಮ್ಮಾ," ಎಂದು ಚನ್ನವೀರಮ್ಮ ನಗುತ್ತ ಬೇವಿನ ಮರದ ನೆರಳಿಗೆ ನಡೆದರು.

ಹೋಗಲಿ, ಇಬ್ಬರ ಮನಸ್ಸೂ ಮುರಿಯಲಿಲ್ಲವಲ್ಲ ಎಂದು ಮಲ್ಲಯ್ಯ ಸಮಾಧಾನದ ಉಸಿರು ಬಿಟ್ಟ. ಕೋಣೆ ತುಂಬಿ, ಅವನಿಗೆ ನಿಲ್ಲಲು ಉಳಿದದ್ದು ಹೊಸ್ತಿಲು ಮಾತ್ರ. ಫ್ಯಾನಿನ ಗಾಳಿ ಅಲ್ಲಿಯವರೆಗೆ ಬರುತ್ತಿರಲಿಲ್ಲ, ಬಿಸಿಲು ಬರುತ್ತಿತ್ತು.