ಭಾವನ ಟೂರೂಟ

ನಮ್ಮ ಭಾವನನ್ನು ಕಂಡರೆ ಕೋಳಿಗಳು ಓಡಿಹೋಗುತ್ತಿದ್ದ ಕಾಲವೊಂದಿತ್ತು. ಈಗ ಹೋಟೆಲಿನ ಸಪ್ಲೈಯರುಗಳು ಓಡುತ್ತಾರೆ!

ಬಾಯಿಗೆ ಬಂದಂತೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಳೇ ಕೆಂಗೇರಿ ಕಡೆ ಯಾರ ಮನೆಯ ಬೀಗರೂಟವೇ ಆಗಲಿ, ಭಾವ ಪಂಕ್ತಿಯಲ್ಲಿ ಬಂದು ಕೂತರೆಂದರೆ ಅಡುಗೆಯವರು ಇನ್ನೊಂದು ಹಂಡೆ ಒಲೆಗಿಡುತ್ತಿದ್ದರು. ಅಂಥ ಮನುಷ್ಯ ಹೋದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಸ್ಪತ್ರೆಗೆ ಸೇರಿಸಿ, ಸ್ಟೆಂಟ್ ಹಾಕಿಸಿ ಮನೆಗೆ ಕರೆತಂದೆವು. ಡಾಕ್ಟರು "ಬಾಡು, ಎಣ್ಣೆ ಕಡಿಮೆ ಮಾಡಿ" ಅಂದರು. ಕಡಿಮೆ ಅಂದರೇನೆಂದು ನಮ್ಮ ಭಾವನಿಗೆ ಗೊತ್ತಿದ್ದರೆ ತಾನೆ? ಬಾಡು ಬಿಟ್ಟರು, ಮೊಟ್ಟೆ ಬಿಟ್ಟರು. ಅದೇ ಜೋರಿನಲ್ಲಿ ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನೂ ಬಿಟ್ಟರು. ಇನ್ನು ಮುಂದೆ ಗಿಡದಲ್ಲಿ, ಬಳ್ಳಿಯಲ್ಲಿ, ಮಣ್ಣಿನೊಳಗೆ ಬೆಳೆದದ್ದಷ್ಟೇ ಊಟ ಅಂತ ಸಾರಿದರು.

ಮನೆಯಲ್ಲೇ ಇದ್ದುಕೊಂಡು ಇದೆಲ್ಲ ಮಾಡಿದ್ದರೆ ಯಾರ ತಕರಾರೂ ಇರಲಿಲ್ಲ. ಭಾವನ ಕೆಲಸವೋ, ಊರೂರು ಸುತ್ತಿ ಲಾರಿ ತೂಗುವ ವೇಬ್ರಿಡ್ಜ್‌ಗಳನ್ನು ರಿಪೇರಿ ಮಾಡುವುದು. ತಿಂಗಳಲ್ಲಿ ಅರ್ಧ ಟೂರು, ಟೂರೆಂದರೆ ಹೋಟೆಲು. ಆಫೀಸಿನಲ್ಲೇ ಕೂರುವ ಕೆಲಸ ಕೇಳಿ ತಗೊಳ್ಳಿ ಅಂತ ಅಕ್ಕ ಹಠ ಹಿಡಿದಳು.

"ಕುರ್ಚಿ ಮೇಲೆ ಕೂರ್ಸಿದ್ರೆ ನಾಳೆನೇ ಸತ್ತೋಗ್ತೀನಿ ಕಣೇ. ನಾನು ಟೂರೂ ಮಾಡ್ತೀನಿ, ಪಥ್ಯಾನೂ ಮಾಡ್ತೀನಿ. ನೋಡ್ತಿರು!"

ಕೊನೆಗೆ ಒಂದು ಒಪ್ಪಂದವಾಯಿತು. ಹೊರಗೆ ಒಂದೇ ಒಂದು ಸಲ ಬಾಯಿಚಪಲಕ್ಕೆ ಬಿದ್ದದ್ದು ಗೊತ್ತಾದರೂ ಟೂರು ಬಂದ್, ಜೀವನಪೂರ್ತಿ ಕುರ್ಚಿ. ಕಾವಲಿಗೆ ಯಾರು? ಇನ್ಯಾರು, ಅಕ್ಕನ ಬಡಪಾಯಿ ತಮ್ಮ! ವಿಜಯನಗರದ ನನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿಸಿ, ಭಾವನ ಕಾರು ಹತ್ತಿಸಿದಳು. "ಏನ್ ತಿಂದ್ರು ಅಂತ ಮಧ್ಯಾಹ್ನ ಫೋನ್ ಮಾಡ್ತೀನಿ. ಸುಳ್ಳು ಹೇಳಿದ್ಯೋ, ನಿಂಗೂ ಊಟ ಹಾಕಲ್ಲ" ಅಂತ ಎಚ್ಚರಿಕೆ ಬೇರೆ.

ಆ ಕಾರನ್ನು ನೀವು ನೋಡಬೇಕು! ಹಿಂದಿನ ಸೀಟಿನಲ್ಲಿ ಒಂದು ಪುಟ್ಟ ಕರೆಂಟು ಕುಕ್ಕರು, ಸೌತೆಕಾಯಿ, ಹುರಿದ ಕಡಲೆಕಾಯಿ ಬೀಜ, ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು. ಕಾಳಿನ ಗಂಟಿಗೆ ಸೀಟ್ ಬೆಲ್ಟ್ ಬೇರೆ ಹಾಕಿರುತ್ತಾರೆ. ಪಕ್ಕದಲ್ಲಿ ಕೂತ ನನಗೆ ಹಾಕಿಕೋ ಅಂತ ಒಂದು ದಿನವೂ ಅಂದವರಲ್ಲ. ದೀಪಾಂಜಲಿ ನಗರದಿಂದ ಕೆಂಗೇರಿ ದಾಟುವಷ್ಟರಲ್ಲಿ ಕಾಳು ಮೊಳಕೆ ಒಡೆದಿರುತ್ತದೆ. ಮೈಸೂರು ರಸ್ತೆಯ ಟ್ರಾಫಿಕ್ಕಿನಿಂದ ಲಾಭವಾಗಿದ್ದರೆ ಅದು ನಮ್ಮ ಭಾವನೊಬ್ಬರಿಗೇ ಇರಬೇಕು.

ಒಂದು ಸಲ ದಾರಿಯ ಹೋಟೆಲಿನಲ್ಲಿ ಕೂತೆವು.

"ದೋಸೆಗೆ ಏನ್ ಹಾಕ್ತೀರಪ್ಪ?"

"ಬೆಣ್ಣೆ ಸಾರ್! ಶುದ್ಧ ಬೆಣ್ಣೆ!"

"ಬೇಡ. ಎಣ್ಣೇನೂ ಬೇಡ."

"ಎಣ್ಣೆ ಇಲ್ದೆ ಕಾವಲಿಯಿಂದ ದೋಸೆ ಏಳಲ್ಲ ಸಾರ್."

"ಏಳದಿದ್ರೆ ಮಲ್ಗಿರ್ಲಿ ಬಿಡು. ಇಡ್ಲಿ ಕೊಡು. ತಟ್ಟೆಗೆ ಎಣ್ಣೆ ಸವರ್ತೀರೋ, ಬಟ್ಟೆ ಹಾಕ್ತೀರೋ? ಚಟ್ನಿ ಒಗ್ಗರಣೆಗೆ ಯಾವ ಎಣ್ಣೆ? ಸಾಂಬಾರಿಗೆ ಸಕ್ಕರೆ ಹಾಕ್ತೀರಾ?"

ಒಳಗೆ ಹೋದ ಸಪ್ಲೈಯರು ಮತ್ತೆ ಹೊರಗೆ ಬರಲಿಲ್ಲ. ಬಂದವರು ಓನರು. ಅಂಗಿ ಗುಂಡಿ ಹಾಕಿಕೊಳ್ಳುತ್ತಾ, ಬೆವರೊರೆಸಿಕೊಳ್ಳುತ್ತಾ, "ಸಾರ್, ತಾವು ಫುಡ್ ಇನ್ಸ್‌ಪೆಕ್ಟರಾ? ಮೊದ್ಲೇ ಹೇಳ್ಬಾರ್ದಾ?" ಅಂದರು. ನಮ್ಮನ್ನು ಏಸಿ ಹಾಲಿನಲ್ಲಿ ಕೂರಿಸಿ, ಬಟ್ಟೆಯಲ್ಲಿ ಬೇಯಿಸಿದ ಇಡ್ಲಿ ತಂದಿಟ್ಟು, ಬಿಲ್ಲೇ ಬೇಡ ಅಂತ ಕೈಮುಗಿದರು. ದುಡ್ಡು ಕೊಟ್ಟು ಹೊರಬರಲು ಭಾವ ಜಗಳವನ್ನೇ ಆಡಬೇಕಾಯಿತು.

ಇನ್ನು ಅವರ ತೂಕದ ಕಥೆ. ರಿಪೇರಿಯಾದ ವೇಬ್ರಿಡ್ಜ್ ಮೇಲೆ ಮೊದಲು ಹತ್ತುವುದು ಕಬ್ಬಿನ ಲಾರಿ ಅಂದುಕೊಂಡಿರಾ? ಅಲ್ಲ, ನಮ್ಮ ಭಾವ! ಆ ಯಂತ್ರವೋ, ಹತ್ತು ಹತ್ತು ಕೆಜಿಯ ಲೆಕ್ಕದಲ್ಲಿ ಮಾತ್ರ ತೋರಿಸುವಂಥದ್ದು. ಒಂದು ದಿನ ತೊಂಬತ್ತು ಇದ್ದದ್ದು ಎಂಬತ್ತು ತೋರಿಸಿತು. ಭಾವ ಅಲ್ಲೇ ಕುಣಿದರು.

"ನೋಡೋ, ಒಂದೇ ವಾರಕ್ಕೆ ಹತ್ತು ಕೆಜಿ!"

"ಭಾವ, ಇವತ್ತು ಶೂ ಬಿಚ್ಚಿಟ್ಟು ಹತ್ತಿದೀರ."

"ಹೌದಾ? ಹಂಗಾದ್ರೆ ಇನ್ಮೇಲೆ ಶೂ ಹಾಕೋದೇ ಬೇಡ ಬಿಡು!"

ಹೋಟೆಲನ್ನು ಹೀಗೆ ಗೆದ್ದರೂ ಮಂಡ್ಯ ಕಡೆಯ ಗಿರಾಕಿಗಳ ಮನೆಗಳನ್ನು ಗೆಲ್ಲುವುದು ಸುಲಭವೇ? ಕೆಲಸ ಮುಗಿಸಿದವನು ಉಂಡೇ ಹೋಗಬೇಕು. ಡಾಕ್ಟರು ಬೇಡ ಅಂದಿದ್ದಾರೆ ಅಂದರೆ, "ಒಂದ್ ದಿವ್ಸಕ್ಕೆ ಏನಾಯ್ತದೆ, ಹಾಕಿಸ್ಕಳಿ ಸಾರ್" ಅಂತ ಎರಡು ಸೌಟು ಹೆಚ್ಚಿಗೆ ಸುರಿಯುತ್ತಾರೆ. ಒಂದು ಸಲ ತಡೆಯಲಾರದೆ ಭಾವ, "ಹರಕೆ ಇದೆ" ಅಂದುಬಿಟ್ಟರು. ಅಬ್ಬಾ! ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಡಾಕ್ಟರಿಗೆ ಬೆಲೆ ಕೊಡದವರು ಹರಕೆಗೆ ಕೈ ಮುಗಿದರು. ಅಂದಿನಿಂದ ಭಾವನಿಗೆ ಅದೇ ಮಂತ್ರವಾಯಿತು. ಸುದ್ದಿ ಊರೆಲ್ಲ ಹಬ್ಬಿ, ಮುಂದಿನ ಸಲ ಹೋದಾಗ ಒಬ್ಬ ಲಾರಿ ಡ್ರೈವರು ತೂಕಕ್ಕೆ ಮುಂಚೆ ಅವರ ಕಾಲಿಗೇ ಬಿದ್ದ. ಭಾವ ಸಂಕೋಚವಿಲ್ಲದೆ ಆಶೀರ್ವಾದ ಮಾಡಿದರು!

ಹೋದ ತಿಂಗಳು ಮದ್ದೂರಿನ ಹತ್ತಿರ ಬೆಲ್ಲದ ಮಂಡಿಯವರೊಬ್ಬರ ಮನೆಗೆ ಊಟಕ್ಕೆ ಹೋದೆವು. ಕೇಳದೆಯೇ ನಾಟಿ ಕೋಳಿ ಸಾರು ಮಾಡಿಟ್ಟಿದ್ದರು. ಘಮ ಬಾಗಿಲಿಗೇ ಬಂದು ಎದುರುಗೊಂಡಿತು. ಭಾವ ಎಲೆಯ ಮುಂದೆ ಕೂತು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು. ಕೈ ತಾನೇ ತಾನಾಗಿ ಬಟ್ಟಲಿನ ಕಡೆ ಹೋಯಿತು. ಮುಗಿಯಿತು ಇವರ ಟೂರಿನ ಕಥೆ ಅಂದುಕೊಂಡೆ. ಹೋದ ಕೈ ಬಟ್ಟಲನ್ನು ಪಕ್ಕಕ್ಕೆ ಸರಿಸಿತು.

"ಹರಕೆ ಇದೆ ಅವ್ವ. ತುಪ್ಪ, ಮಜ್ಜಿಗೇನೂ ಬೇಡ."

ಬಡಿಸುತ್ತಿದ್ದವರು ಮನೆಯ ಹಿರಿಯಮ್ಮ. ಸುಮ್ಮನೆ ಬಿಡುವ ಹೆಂಗಸಲ್ಲ.

"ಯಾವ ದ್ಯಾವ್ರುದಪ್ಪ?"

"ಮಾದಪ್ಪಂದು."

"ಮಾದಪ್ಪಂಗೆ ಹಾಲು ತುಪ್ಪ ಆಯ್ತದಲ್ಲ! ತುಪ್ಪಾನೂ ಬ್ಯಾಡ ಅಂತೀಯೆ, ಮಜ್ಜಿಗೇನೂ ಬ್ಯಾಡ ಅಂತೀಯೆ. ಯಾರ್ಗೋಸ್ಕರ ಹಿಂಗೆ ಹೊತ್ಕಂಡಿದ್ದೀಯೆ?"

ಊರಿಗೆಲ್ಲ ಥಟ್ಟನೆ ಉತ್ತರ ಕೊಡುವ ಭಾವ ಮುದ್ದೆಯನ್ನೇ ನೋಡುತ್ತಾ ಕೂತರು.

"ನಮ್ಮನೆಯವಳಿಗೋಸ್ಕರ ಅವ್ವ. ಆಸ್ಪತ್ರೇಲಿ ನಾನು ಕಣ್ಣು ಬಿಟ್ಟಾಗ ನನ್ನ ಪಾದ ಹಿಡ್ಕೊಂಡು ಕೂತಿದ್ಲು. ದಿನಾ ನನ್ ಹತ್ರ ಜಗಳ ಆಡೋಳು, ಅವತ್ತು ಒಂದು ಮಾತೂ ಆಡ್ಲಿಲ್ಲ. ಆ ಮುಖ ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ. ದೇವ್ರು ಯಾವ್ದಾದ್ರೂ ಆಗ್ಲಿ, ಹರಕೆ ಮಾತ್ರ ಸುಳ್ಳಲ್ಲ."

ಹಿರಿಯಮ್ಮ ಕೋಳಿ ಸಾರಿನ ಬಟ್ಟಲನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮನೆಯವರಿಗೆಂದು ಇಟ್ಟಿದ್ದ ಸೊಪ್ಪಿನ ಬಸ್ಸಾರು ತಂದು, ಭಾವನ ಪಕ್ಕದಲ್ಲೇ ಕೂತು ಬಡಿಸಿದರು. "ತಿನ್ನು ಮಗ, ನಿಧಾನಕ್ಕೆ ತಿನ್ನು" ಅಂತ ಬೆನ್ನು ಸವರಿದರು. ನಾನು ಕೋಳಿ ಮುಟ್ಟಲಿಲ್ಲ. ನನಗೆ ಅಳು ಬಂದಿತ್ತು, ಮುಚ್ಚಿಡುವುದೇಕೆ?

ಅಷ್ಟರಲ್ಲಿ ಅಕ್ಕನ ಫೋನು.

"ಏನೋ, ಏನ್ ತಿಂತಿದಾರೆ?"

ಮುದ್ದೆ, ಬಸ್ಸಾರು ಅಂದೆ. ಅಷ್ಟಕ್ಕೇ ನಿಲ್ಲಿಸಲು ಮನಸ್ಸಾಗಲಿಲ್ಲ. ಜಗಲಿಗೆ ಎದ್ದು ಹೋಗಿ, ಭಾವ ಆಡಿದ ಮಾತನ್ನು ಒಂದೂ ಬಿಡದೆ ಹೇಳಿದೆ. ಆ ಕಡೆಯಿಂದ ಅಕ್ಕ, "ಅವ್ರಿಗೆ ಕೊಡು" ಅಂದಳು.

ಭಾವ ಎಡಗೈಯಲ್ಲಿ ಫೋನು ಹಿಡಿದರು. "ಹೂಂ... ಹೂಂ ಕಣೇ... ಅಯ್ಯೋ, ಅಳ್ಬೇಡ್ವೇ..." ಇಷ್ಟೇ ನನಗೆ ಕೇಳಿಸಿದ್ದು. ಫೋನು ವಾಪಸ್ಸು ಕೊಟ್ಟು, ಹೆಗಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.

"ಏನಂದ್ಲು ಭಾವ?"

"ಮುಂದಿನ ಟೂರಿಗೆ ನಾನೊಬ್ನೇ ಹೋಗ್ಬೋದಂತೆ ಕಣೋ."