ಬಾವಿ ಹೊಲದವ್ವನ ಹೆಸರು ಹುಡುಕಹೋಗಿ

ನಮ್ಮ ರಾಯಚೂರು ಕಡೆ ಬದುಕಿರುವವರ ಸುದ್ದಿಯನ್ನು ಯಾರ ಮನೆಯ ಕಟ್ಟೆಯ ಮೇಲೆ ಕೂತು ಎಷ್ಟು ಬೇಕಾದರೂ ಕೇಳಬಹುದು. ಸತ್ತವರ ಹೆಸರು ಮಾತ್ರ ಕೇಳಬಾರದು. ಕೇಳಿದಿರೋ, ಹೊಲದಲ್ಲಿ ಪಾಲು ಕೇಳಲು ಬಂದಿದ್ದೀರಿ ಎಂದೇ ಅರ್ಥ. ಇದು ಗೊತ್ತಿದ್ದೂ ನಾನು ಕೇಳಿದೆ. ಆಮೇಲೆ ಒಂದರ ಹಿಂದೊಂದು ಫಜೀತಿ ಆಗುತ್ತಲೇ ಹೋದವು.

ನಾನು ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ನನ್ನ ತಾಯಿಯ ಅಜ್ಜಿಯ ಹೆಸರನ್ನೇ ಇಡಬೇಕು ಎಂದು ಮಗಳು ಹಟ ಹಿಡಿದಳು. ಅದಕ್ಕೆ ಕಾರಣವೂ ಇತ್ತು. ನಿಜಾಮರ ಕಾಲದಲ್ಲಿ, ಹೆಂಗಸರ ಹೆಸರಿಗೆ ಒಂದು ಗೇಣು ಭೂಮಿ ಮಾಡದ ದಿನಗಳಲ್ಲಿ, ನಮ್ಮ ಮುತ್ತಜ್ಜ ವಸೀಯತ್ ಬರೆಸಿ, ಅಂದರೆ ಮರಣಶಾಸನ ಮಾಡಿಸಿ, ದೇವದುರ್ಗದ ಬಾವಿ ಹೊಲವನ್ನು ಹೆಂಡತಿಗೆ ಬಿಟ್ಟು ಹೋಗಿದ್ದ. ಅಂದಿನಿಂದ ಆಕೆ ಎಲ್ಲರ ಬಾಯಲ್ಲೂ ‘ಬಾವಿ ಹೊಲದವ್ವ’. ನಿಜವಾದ ಹೆಸರು ನನ್ನ ಅವ್ವನಿಗೆ ಗೊತ್ತಿತ್ತೇನೋ, ಅವ್ವ ಈಗ ಇಲ್ಲ.

ತೊಟ್ಟಿಲ ದಿನದೊಳಗೆ ಆ ಹೆಸರು ಸಿಗಬೇಕಿತ್ತು. ಸಿಗದಿದ್ದರೆ ಅಳಿಯ ಮೊಬೈಲಿನಲ್ಲಿ ಆರಿಸಿಟ್ಟ ಹೆಸರೇ ಗ್ಯಾರಂಟಿ. ಅದನ್ನು ಸರಿಯಾಗಿ ಕರೆಯಬೇಕೆಂದರೆ ನಾನು ಹಲ್ಲಿನ ಸೆಟ್ ಬೇರೆ ಮಾಡಿಸಬೇಕಿತ್ತು.

ಕಚೇರಿಯ ಹೊರಗೆ

ಮೊದಲು ರಾಯಚೂರಿನಲ್ಲೇ ಹಳೆಯ ದಾಖಲೆ ಸಿಗುತ್ತದೇನೋ ನೋಡೋಣವೆಂದು ಒಂದು ಕಚೇರಿಗೆ ಹೋದೆ. ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವನೊಬ್ಬ ಕೂತಿದ್ದ. ನನ್ನ ಮಾತನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದ.

“ಯಾರ ಮ್ಯಾಲ ಹಾಕಾಕತ್ತೀರಿ ಕೇಸು?”

“ಯಾರ ಮ್ಯಾಲೂ ಇಲ್ರಿ. ಮುತ್ತಜ್ಜಿ ಹೆಸರು ಬೇಕಾಗೇದ.”

“ಸರ್ವೆ ನಂಬರ್?”

“ಗೊತ್ತಿಲ್ಲ.”

“ಎಷ್ಟು ಎಕರೆ ಅದ?”

“ಅದೂ ಗೊತ್ತಿಲ್ರಿ. ನನಗ ಹೊಲ ಬ್ಯಾಡ, ಹೆಸರಷ್ಟ ಸಾಕು.”

ಅವನು ಪೆನ್ನಿಗೆ ಟೋಪಿ ಹಾಕಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಎಕರೆ ಬಾಯಿ ಬಿಟ್ಟು ಹೇಳವಲ್ಲಿರಿ ಅಂದ್ರ ಭಾಳ ಇರಬೇಕು ಬಿಡ್ರಿ ಅಮ್ಮಾರ.”

ಬಂದ ಕಾಲಲ್ಲೇ ಉಡಿ

ದೇವದುರ್ಗದಲ್ಲಿ ನನ್ನ ಸೋದರಮಾವ ಇದ್ದಾನೆ. ಬಾವಿ ಹೊಲ ಉಳುತ್ತಿರುವವನೂ ಅವನೇ. ಹೋಗುವ ಮುಂಚೆ ಫೋನಿನಲ್ಲಿ, “ಮುತ್ತಜ್ಜನ ವಸೀಯತ್ ಒಂದೀಟು ನೋಡ್ಬೇಕಿತ್ತು ಮಾವ” ಎಂದಿದ್ದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಲೈನ್ ಕಟ್ಟಾಯಿತೆಂದು ನಾನು ತಿಳಿದಿದ್ದೆ. ಕಟ್ಟಾಗಿದ್ದು ಲೈನ್ ಅಲ್ಲ ಎಂದು ಅವರ ಹೊಸ್ತಿಲು ದಾಟಿದ ಮೇಲೆ ತಿಳಿಯಿತು.

ತವರಿನಿಂದ ಹೊರಡುವ ಹೆಣ್ಣುಮಗಳಿಗೆ ಉಡಿ ತುಂಬುವುದು ನಮ್ಮಲ್ಲಿ ಪದ್ಧತಿ. ಹೊರಡುವಾಗ. ನಾನಿನ್ನೂ ಕಾಲು ತೊಳೆದಿರಲಿಲ್ಲ, ಮಾವನ ಹೆಂಡತಿ, ನನ್ನ ಅತ್ತಿ, ಆಗಲೇ ಅಕ್ಕಿ, ಕಾಯಿ, ಕುಪ್ಪಸದ ಖಣ ಹಿಡಿದು ಎದುರಿಗೆ ನಿಂತಿದ್ದಳು.

“ಅತ್ತಿ, ನಾ ಈಗ ಬಂದೀನಿ.”

“ಇರ್ಲೇಳವ್ವ, ಆಮ್ಯಾಲ ಬಸ್ಸಿಗೆ ಗಡಿಬಿಡಿ ಆಗ್ತದ. ಸೆರಗು ಒಡ್ಡು.”

ಉಡಿಯಲ್ಲಿ ತೆಂಗಿನಕಾಯಿ ಇಟ್ಟುಕೊಂಡೇ ಚಹಾ ಕುಡಿದೆ. ವಸೀಯತ್ ಎಲ್ಲಿ ಎಂದು ಮಾವನನ್ನು ಕೇಳಿದೆ.

“ಅದನ್ನ ಇಲಿ ತಿಂದಾವಲ್ಲ” ಎಂದ ಮಾವ.

ಅದೇ ಹೊತ್ತಿಗೆ ಅಡುಗೆಮನೆಯಿಂದ ಅತ್ತಿ, “ಮಳಿಗೆ ತೊಯ್ದು ಮುದ್ದಿ ಆತು” ಎಂದಳು. ಹಿತ್ತಲಿನಿಂದ ಅವರ ಮಗ, “ಸುಟ್ಟು ಹೋತಂತ ಹೇಳಿದ್ರಲ್ಲ” ಎಂದ.

ಇಬ್ಬರೂ ಬಾಗಿಲಿಗೆ ಬಂದರು, ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೇ ಪಾಪ ಎನ್ನಿಸಿತು. “ಮೊದಲು ತೊಯ್ದಿರಬೇಕು. ಒಣಗಸಾಕ ಒಲಿ ಮುಂದ ಇಟ್ಟಾಗ ಸುಟ್ಟಿರಬೇಕು. ಉಳಿದಿದ್ದನ್ನ ಇಲಿ ತಿಂದಿರಬೇಕು” ಎಂದೆ.

ಮಾವನ ಮುಖ ಅರಳಿತು. “ನೋಡು, ಸಾಲಿ ಕಲ್ತಾಕಿ ಅಂದ್ರ ಹಿಂಗಿರಬೇಕು. ಹಂಗ ಆಗೇದ” ಎಂದ.

ಕೂಸಿಗೆ ಇಡಲು ಅಜ್ಜಿಯ ಹೆಸರಾದರೂ ಹೇಳು ಎಂದರೆ, ನೆನಪಿಲ್ಲ ಎಂದು ಎದ್ದೇಬಿಟ್ಟ. ಬಸ್ಸಿನಲ್ಲಿ ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ನೋವಾಯಿತು. ಎತ್ತಿ ಆಡಿಸಿದ ಮಾವನೇ ನನ್ನನ್ನು ಕಳ್ಳಿಯ ಹಾಗೆ ನೋಡಿದ್ದ.

ಮಾನ್ವಿಯ ಮರ್ಯಾದೆ

ಮಾನ್ವಿಯಲ್ಲಿ ಅವ್ವನ ಚಿಕ್ಕಪ್ಪನ ಮಗ ಇದ್ದಾನೆ, ಅವನೂ ನನಗೆ ಮಾವನೇ. ಅಕ್ಕಿ ಗಿರಣಿ ನಡೆಸುತ್ತಾನೆ. ದೇವದುರ್ಗದ ಮಾವನಿಗೂ ಇವನಿಗೂ ಮಾತಿಲ್ಲ. ಅಲ್ಲಿಗೆ ಹೋಗುವ ಹೊತ್ತಿಗೆ, ನಾನು ನಿಜವಾಗಿಯೂ ಹೊಲಕ್ಕೇ ಬಂದಿದ್ದೇನೋ ಎಂದು ನನಗೇ ನನ್ನ ಮೇಲೆ ಅನುಮಾನ ಶುರುವಾಗಿತ್ತು.

ಇಲ್ಲಿ ಮಾತ್ರ ಮರ್ಯಾದೆಯೋ ಮರ್ಯಾದೆ. ಹೋಳಿಗೆ ಮಾಡಿಸಿದ್ದರು. ನಾನು ದೇವದುರ್ಗದವನ ಮೇಲೆ ಕೇಸು ಹಾಕುತ್ತೇನೆಂದು ಮಾವ ಹೇಗೋ ತಿಳಿದುಕೊಂಡು ಖುಷಿಯಾಗಿದ್ದ. “ವಸೀಯತ್ ನಕಲು ನಮ್ಮಲ್ಲೂ ಅದ. ಅವನ್ನ ಬಿಡಬ್ಯಾಡ” ಎಂದು ಟ್ರಂಕು ತೆಗೆದೇಬಿಟ್ಟ. ಕಾಗದ ಉರ್ದುವಿನಲ್ಲಿತ್ತು. ಓದಲು ಪಕ್ಕದ ಓಣಿಯ ಉರ್ದು ಮಾಸ್ತರರನ್ನು ಕರೆಸಿದ.

ಮಾಸ್ತರರು ಕನ್ನಡಕ ಏರಿಸಿ ಓದಿ ಹೇಳುತ್ತಾ ಹೋದರು. ಹೊಲದ ಮೂಡಲಿಗೆ ಹಳ್ಳ, ಪಡುವಲಿಗೆ ಬೇವಿನ ಗಿಡ. ಸಾಕ್ಷಿ ಹಾಕಿದವರ ಹೆಸರು, ಅವರಪ್ಪಂದಿರ ಹೆಸರು. ಎತ್ತು ಎರಡು, ಒಂದರ ಹೆಸರು ಹಂಡ್ಯಾ, ಇನ್ನೊಂದು ಕೆಂದ್ಯಾ. ನಾನು ಬರೆದುಕೊಳ್ಳಲು ಪೆನ್ನು ತೆಗೆದಿದ್ದೆ.

“ಹೊಲ ಯಾರಿಗಂತ ಬರ್ದಾರ್ರಿ?”

“ಘರ್‌ವಾಲಿಗೆ, ಅಂದ್ರ ಹೆಂಡ್ತಿಗೆ, ಅಂತ ಬರ್ದಾರಮ್ಮಾ.”

“ಆಕಿ ಹೆಸರು?”

“ಇಲ್ಲಮ್ಮಾ. ಎಲ್ಲಾ ಕಡಿ ಘರ್‌ವಾಲಿ, ಘರ್‌ವಾಲಿ.”

ಎತ್ತುಗಳಿಗೆ ಹೆಸರಿದೆ, ಹೊಲ ಪಡೆದವಳಿಗಿಲ್ಲ. ನಾನು ಸಿಟ್ಟಿನಿಂದ ಮುತ್ತಜ್ಜನನ್ನು ಬೈದುಬಿಟ್ಟೆ. ಮಾವ ಮುತ್ತಜ್ಜನ ಪರ ನಿಂತ.

“ನಾಕು ಮಂದಿ ಮುಂದ ಹೆಂಡ್ತಿ ಹೆಸರು ಹ್ಯಾಂಗ ಹೇಳ್ತಾನವ್ವ? ನಾ ಇವತ್ತಿಗೂ ಹೇಳಿಲ್ಲ. ಆಕೀನೂ ನನ್ನ ಹೆಸರು ಹೇಳಂಗಿಲ್ಲ.”

“ಮತ್ತ ರೇಷನ್ ಕಾರ್ಡಿಗೆ ಹೆಸರು ಬರಸುವಾಗ ಏನು ಮಾಡಿದ್ರಿ?”

“ಆಕಿ ಹೆಸರು ಆಕಿ ಹೇಳಿದ್ಲು, ನನ್ನ ಹೆಸರು ನಾ ಹೇಳಿದೆ. ಅವ್ರು ಬ್ಯಾರೆ ಬ್ಯಾರೆ ಮನಿಯವ್ರು ಅಂತ ತಿಳಕೊಂಡು ಎರಡು ಕಾರ್ಡ್ ಕೊಟ್ರು.”

ತೊಟ್ಟಿಲು

ಹೆಸರು ಸಿಗದೆಯೇ ತೊಟ್ಟಿಲ ದಿನ ಬಂತು. ಕಣ್ಣು ಒರೆಸಿಕೊಂಡು ಮಗಳು, “ಹೋಗ್ಲಿ ಬಿಡವ್ವ, ಅವ್ರು ಹೇಳಿದ್ದೇ ಇಡೋಣು” ಎಂದಳು.

ಇಬ್ಬರು ಮಾವಂದಿರೂ ಬಂದಿದ್ದರು. ಒಬ್ಬನನ್ನು ಒಬ್ಬ ಕಾಯಲು ಬಂದಿದ್ದರು ಎಂದರೂ ಸರಿ. ದೇವದುರ್ಗದ ಮಾವ ಪರಿಚಯದ ವಕೀಲರೊಬ್ಬರನ್ನೂ ಕರೆತಂದಿದ್ದ. ಇವರ್ಯಾಕೆ ಎಂದು ಕೇಳಿದರೆ, “ಊಟಕ್ಕ ಬಂದಾರ” ಎಂದ. ಮಾನ್ವಿ ಮಾವ ಎದುರಿಗೆ ಕಾಲ ಮೇಲೆ ಕಾಲು ಹಾಕಿಕೊಂಡು ಮೀಸೆಯಲ್ಲೇ ನಗುತ್ತಿದ್ದ. ಮಾನ್ವಿಯಲ್ಲಿ ವಸೀಯತ್ ಓದಿಸಿದ ಸುದ್ದಿ ದೇವದುರ್ಗ ಮುಟ್ಟಿತ್ತು. ಅದರಲ್ಲಿ ಹೆಸರಿಲ್ಲ ಎನ್ನುವ ಸುದ್ದಿ ಮಾತ್ರ ಮುಟ್ಟಿರಲಿಲ್ಲ.

ಕಿವಿಯಲ್ಲಿ ಹೇಳುವವರೆಗೂ ಕೂಸಿನ ಹೆಸರನ್ನು ಯಾರೂ ಬಾಯಿ ಬಿಡುವ ಹಾಗಿಲ್ಲ. ಅಳಿಯನ ತಂಗಿ ತೊಟ್ಟಿಲ ಮೇಲೆ ಬಗ್ಗಿ, ಕೂಸಿನ ಕಿವಿಗೆ ಕೈ ಅಡ್ಡ ಹಿಡಿದಳು. ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಲು ಹೆಂಗಸರೆಲ್ಲ ಕೈ ಎತ್ತಿ ನಿಂತರು. ದೇವದುರ್ಗದ ಮಾವ ದಡಕ್ಕನೆ ಎದ್ದ.

“ತಡೀರಿ. ಏನರ ಹೆಸರು ಇಡ್ರಿ, ನೀಲಮ್ಮ ಅಂತ ಮಾತ್ರ ಇಡಬ್ಯಾಡ್ರಿ.”

ಎತ್ತಿದ ಕೈಗಳೆಲ್ಲ ಎತ್ತಿದಲ್ಲೇ ನಿಂತವು.

“ಯಾಕ ಮಾವ?” ಎಂದೆ.

“ನಮ್ಮಪ್ಪನೂ ಖಾತಿ ಬದಲ ಮಾಡ್ಸಲಿಲ್ಲ, ನಾನೂ ಮಾಡ್ಸಲಿಲ್ಲ. ಪಹಣಿಯೊಳಗ ಇವತ್ತಿಗೂ ನಮ್ಮಜ್ಜಿ ಹೆಸರೇ ಅದ. ನಾಳೆ ಈ ಕೂಸು ದೊಡ್ಡದಾಗಿ, ನಾನೇ ನೀಲಮ್ಮ, ಹೊಲ ಬಿಡು ಅಂತ ಬಂದ್ರ ನಾ ಏನು ಮಾಡ್ಲಿ?”

ನನಗೆ ಅಳುವೂ ಬಂತು, ನಗುವೂ ಬಂತು. ಮಗಳು ನಾದಿನಿಯ ತೋಳು ಹಿಡಿದು ಏನೋ ಪಿಸುಗುಟ್ಟಿದಳು. ಅವಳು ಮತ್ತೆ ಬಗ್ಗಿ, “ಕುರ್‍ರ್... ನೀಲಮ್ಮ” ಎಂದಳು. ದಬದಬ ಗುದ್ದು ಬಿದ್ದವು. ಅಳಿಯನೂ ನಗುತ್ತಾ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ದೇವದುರ್ಗದ ಮಾವ ತೊಟ್ಟಿಲ ಹತ್ತಿರ ಬಂದ. ಬಗ್ಗಿ ಇಣುಕಿದ. “ನೀಲಮ್ಮಾ, ಯವ್ವಾ” ಎಂದು ಕರೆದ. ಅವನ ಕಣ್ಣುಗಳೂ ಒದ್ದೆಯಾಗಿದ್ದವು. ಕೂಸು ಅವನ ಬೆರಳು ಹಿಡಿದುಕೊಂಡಿತು. ಇನ್ನಾದರೂ ಅನುಮಾನ ಹೋಯಿತಲ್ಲ ಎಂದು ನನ್ನ ಜೀವ ತಣ್ಣಗಾಯಿತು.

ಮಾವ ಆ ಪುಟ್ಟ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಹೆಬ್ಬೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ವಕೀಲರ ಕಡೆ ತಿರುಗಿದ.

“ಈಗ ಒತ್ತಿಸ್ಕೊಂಡ್ರ ನಡೀತದೇನ್ರಿ ವಕೀಲ್ರ?”