ದವಡೆಹಲ್ಲು ಕಿತ್ತ ಸೋಮವಾರ

ರಾತ್ರಿಯೆಲ್ಲ ಗುಡುಗಿ ಊರನ್ನೆಬ್ಬಿಸಿದ ಮೋಡ, ಸೋಮವಾರ ಬೆಳಗಾಗುವ ಹೊತ್ತಿಗೆ ಪೋತ್ನಾಳದ ಮೇಲೆ ನಾಲ್ಕು ಹನಿ ಉದುರಿಸಿ, ಚಹಾ ಕುಡಿದು ಎದ್ದುಹೋಗುವ ಬೀಗರಂತೆ ಸಿಂಧನೂರಿನ ಕಡೆ ಸರಿದುಹೋಗಿತ್ತು. ಎಳೆಬಿಸಿಲಿಗೆ ಒದ್ದೆ ಅಂಗಳ ಹಬೆಯಾಡುತ್ತಿತ್ತು. ಹಣೆತುಂಬ ವಿಭೂತಿ ಧರಿಸಿದ ಮುದುಕಪ್ಪ ಕಟ್ಟೆಯ ಮೇಲೆ ಕುಳಿತು, ಎಡಗೆನ್ನೆ ಒತ್ತಿಕೊಂಡು ನರಳುತ್ತಿದ್ದ.

ದವಡೆಹಲ್ಲು ಎರಡು ತಿಂಗಳಿಂದ ನೋಯುತ್ತಿತ್ತು. ಎರಡು ತಿಂಗಳೂ ಹೆಂಡತಿ ಗುರುಶಾಂತಮ್ಮ ದಿನಕ್ಕೊಂದು ಲವಂಗ ಕೊಟ್ಟು ಸುಮ್ಮನಾಗಿದ್ದಳು. ಇವತ್ತು ಮಾತ್ರ ಎದ್ದವಳೇ, "ಮಾನ್ವಿ ಹಲ್ಲಿನ ಡಾಕ್ಟರ್ ಹತ್ರ ನಂಬರ್ ಹಚ್ಚಿಸೀನಿ, ಏಳ್ರಿ" ಎಂದಳು.

"ಇವತ್ತ? ಸಿರವಾರದವರು ಶಿವಗಂಗಾನ್ನ ನೋಡಾಕ ನಾಕಕ್ಕ ಬರ್ತಾರಲ್ಲ."

"ಅದಕ್ಕ ಹೇಳಿದ್ದು. ಬೀಗರ ಮುಂದ ಹಿಂಗ ನರಳಿಕೋತ ಕೂಡ್ತೀರೇನು?"

"ನನ್ನ ಚಷ್ಮಾ ಬ್ಯಾರೆ ಸಿಗವಲ್ದು."

"ಹಲ್ಲು ಕೀಳಾವ್ರು ಡಾಕ್ಟರು. ನಿಮಗ್ಯಾಕ ಚಷ್ಮಾ?"

ಮುದುಕಪ್ಪನ ನಾಲಗೆ ಕೆಟ್ಟದ್ದೇನಲ್ಲ. ಸುಳ್ಳು ಕೇಳಿದರೆ ಸುಮ್ಮನಿರದು, ಅಷ್ಟೆ. ಮಗಳನ್ನು ನೋಡಲು ಬಂದ ಮೊದಲ ಸಂಬಂಧದವರು ತಮ್ಮ ಮನೆತನ ಹೊಗಳಿಕೊಂಡಾಗ, ಅವರ ಅಜ್ಜ ಕುಂಟೆತ್ತನ್ನು ಹೇಗೆ ನೆಟ್ಟಗೆ ನಿಲ್ಲಿಸಿ ಮಾರಿದನೆಂದು ಇವನು ತಾರೀಖಿನ ಸಮೇತ ನೆನಪಿಸಿದ್ದ. ಎರಡನೆಯವರ ಸೋದರಮಾವ ಭಕ್ತಿಯಿಂದ ಒಂದು ಪದ ಹಾಡಿದರೆ, ಅದರಲ್ಲಿ ಮೂರು ತಪ್ಪು ಎಣಿಸಿ ಹೇಳಿದ್ದ. ಎರಡೂ ಸಂಬಂಧ ಅಂಗಳ ದಾಟಿ ಹೋದವು. ಈಗ ಮೂರನೆಯ ಹುಡುಗ ಪ್ರಭುರಾಜ. ಅಜ್ಜನ ಅಕ್ಕಿ ಗಿರಣಿ ನೋಡಿಕೊಳ್ಳುವವನು. ಅವನು ಶಿವಗಂಗಾಳ ಮನಸ್ಸಿಗೆ ಬಂದಿದ್ದ. ಆ ಮಾತನ್ನು ಅವಳು ತಾಯಿಗೊಬ್ಬಳಿಗೇ ಹೇಳಿದ್ದಳು.

ಮಾನ್ವಿಯಲ್ಲಿ ಹಲ್ಲು ಕಿತ್ತು ಬಂತು, ಹಸಿ ನೆಲದಿಂದ ಶೇಂಗಾ ಗಿಡ ಬಂದಂತೆ, ಬೇರುಸಮೇತ. ಕಂಪೌಂಡರ್ ಗಾಯದ ಮೇಲೆ ಹತ್ತಿ ಇಟ್ಟು ಕಚ್ಚಿಸಿ, ಅಚ್ಚಿನ ಚೀಟಿಯೊಂದನ್ನು ಗುರುಶಾಂತಮ್ಮನ ಕೈಗೆ ಕೊಟ್ಟ. ಜಿಲಾನಿ ಪಾಷಾನ ಆಟೋದಲ್ಲಿ ಊರಿಗೆ ಮರಳುವಾಗ ಅವಳು ಓದಿ ಹೇಳಿದಳು.

"ಒಂದು ತಾಸು ಹತ್ತಿ ತೆಗೀಬಾರದಂತ. ನಾಳಿತನಕ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಬಿಸಿದು ಮುಟ್ಟಬಾರದು." ಆಮೇಲೆ ಹೊರಗಿನ ಭತ್ತದ ಗದ್ದೆ ನೋಡುತ್ತ ಸೇರಿಸಿದಳು, "ಇಪ್ಪತ್ನಾಕು ತಾಸು ಮಾತಾಡಬಾರದು. ಮಾತಾಡಿದ್ರ ಗಾಯದ ಮ್ಯಾಲಿನ ಹೆಪ್ಪು ಕಿತ್ತು ಬಂದು, ರಗತ ನಿಲ್ಲಂಗಿಲ್ಲಂತ."

ಮುದುಕಪ್ಪ ಚೀಟಿ ಕಸಿದುಕೊಂಡು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಅಕ್ಷರಗಳು ಸಕ್ಕರೆ ಕಂಡ ಇರುವೆಗಳಂತೆ ಹರಿದಾಡಿದವು.

"ಅರೆ ಅಪ್ಪಾರೇ, ಡಾಕ್ಟರ್ ಮಾತು ಬಿಡ್ರಿ," ಎಂದ ಪಾಷಾ ಹಿಂದೆ ತಿರುಗಿ. "ನಮ್ಮ ಮಾಮಾ ಹಲ್ಲಿನ ಸಂದ್ಯಾಗ ತಂಬಾಕು ತುರುಕಿದ್ರು ನೋಡ್ರಿ, ಮೂರು ದಿನದಾಗ ನೋವು ಖತಂ."

ಮೂರು ದಿನ ಆ ಮಾಮಾ ಆಸ್ಪತ್ರೆಯಲ್ಲಿದ್ದ ಸಂಗತಿ ಮುದುಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲಾಗದೆ ಅವನು ಆಟೋದ ಸರಳು ಹಿಂಡಿದ.

ನಾಲ್ಕಕ್ಕೆ ಸರಿಯಾಗಿ ಸಿರವಾರದವರು ಬಂದರು. ಹುಡುಗನ ಅಜ್ಜ ಬಸವಲಿಂಗಪ್ಪ ಮೊಮ್ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತರು. ಬಾತ ಕೆನ್ನೆ ಕಾಣದಂತೆ ಶಾಲು ಹೊದ್ದ ಮುದುಕಪ್ಪ ಅವರೆದುರು ಕೈಮುಗಿದು ಕುಳಿತ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ ಬಂದವು. ಅವನು ಮುಟ್ಟಲಿಲ್ಲ.

"ಸೋಮವಾರ ಉಪಾಸ ಏನ್ರಿ?" ಎಂದರು ಅಜ್ಜ. "ಮಾತೂ ಇಲ್ಲ. ಮೌನ ಬ್ಯಾರೆ ಹಿಡೀತೀರೇನು?"

ಗುರುಶಾಂತಮ್ಮ ಬೀಗರ ಮುಂದೆ ಸುಳ್ಳು ಹೇಳುವವಳಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡಳು, ಅಷ್ಟೆ.

ಅಜ್ಜನಿಗೆ ಹುರುಪು ಬಂತು. "ನಮಗೂ ಭಜನಿ ಹುಚ್ಚು ಭಾಳ್ರಿ. ಇಪ್ಪತ್ತು ವರ್ಷದ ಹಿಂದ ಗುಂಜಹಳ್ಳಿಯಾಗ ಸ್ಪರ್ಧಿ ಇಟ್ಟಿದ್ರು. ಕಡೀಗೆ ಉಳಿದಾವ್ರು ನಾವು ಮತ್ತ ನಿಮ್ಮೂರವ್ರು. ನಿಮ್ಮೂರಾಗ ಒಬ್ಬ ಡೊಳ್ಳುಹೊಟ್ಟಿಯವ ಹಾಡ್ತಿದ್ದ. ನಡುವ ಪದ ಮರೆತು, ತಾಳ ಒಗೆದು ಓಡಿದ ನೋಡ್ರಿ. ಫಸ್ಟ್ ಬಹುಮಾನ ನಮಗ ಬಂತು."

ಅವರ ನೆತ್ತಿಯ ನೇರಕ್ಕೆ, ಗೋಡೆಯ ಮೇಲೆ, ಆ ಬಹುಮಾನದ ಗಡಿಯಾರ ತೂಗುತ್ತಿತ್ತು. ಅದರ ಗಾಜಿನ ಮೇಲೆ ಕೆಂಪಕ್ಷರದಲ್ಲಿ 'ಗುಂಜಹಳ್ಳಿ ಭಜನಾ ಸ್ಪರ್ಧೆ, ಪ್ರಥಮ, ಪೋತ್ನಾಳ' ಎಂದಿತ್ತು. ಆ ಡೊಳ್ಳುಹೊಟ್ಟೆಯವನು ಮುದುಕಪ್ಪನೇ.

ಅವನ ಕೈ ತಾನಾಗಿ ಗಡಿಯಾರದ ಕಡೆ ಏಳಹತ್ತಿತು. ಗುರುಶಾಂತಮ್ಮ ಆ ಕೈಗೆ ತಣ್ಣನೆಯ ಮಜ್ಜಿಗೆ ಲೋಟ ಇಟ್ಟಳು. ಮುದುಕಪ್ಪ ಬಾಗಿಲ ಕಡೆ ನೋಡಿದ. ಸಂದಿಯಲ್ಲಿ ಶಿವಗಂಗಾಳ ಒಂದು ಕಣ್ಣು ಕಂಡಿತು. ಆ ಕಣ್ಣು ಕೈಮುಗಿಯುತ್ತಿತ್ತು. ಅವನು ಹಲ್ಲು ಕಚ್ಚಿದ. ಇಲ್ಲದ ಹಲ್ಲಿನ ಜಾಗದಲ್ಲಿ ಸಿಡಿಲು ಹೊಡೆಯಿತು. ಕಣ್ಣಿನಿಂದ ದಳದಳ ನೀರಿಳಿಯಿತು. ಆ ಹೊತ್ತಿಗೇ ಗಡಿಯಾರ ಐದು ಸಲ ಬಾರಿಸಿತು.

"ನೋಡಲೇ ಪ್ರಭು," ಅಜ್ಜನ ದನಿ ಒದ್ದೆಯಾಯಿತು, "ಭಜನಿ ಸುದ್ದಿ ಬಂದ್ರ ಸಾಕು, ಅವ್ರ ಕಣ್ಣಾಗ ನೀರು. ಇಪ್ಪತ್ತು ವರ್ಷದಿಂದ ಈ ಕತಿ ಹೇಳಾಕತ್ತೀನಿ, ಬಾಯಿ ಹಾಕದ ಪೂರಾ ಕೇಳಿದ ಮನಷ್ಯಾ ಇವ್ರೊಬ್ರ. ಇಂಥವ್ರ ಮನಿ ಹೆಣ್ಣು ಬಿಟ್ಟು ಇನ್ನೊಂದು ನೋಡಾದು ಬ್ಯಾಡ."

ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿಯಾಯಿತು. ಹೊರಡುವಾಗ ಅಜ್ಜ ಮುದುಕಪ್ಪನ ಎರಡೂ ಕೈ ಹಿಡಿದುಕೊಂಡರು. "ಮದುವಿ ಆಗಾತನಕ ಪ್ರತಿ ಸೋಮವಾರ ಬರ್ತೀನ್ರಿ ಬೀಗರ. ನೀವು ಮೌನದಾಗ ಇರ್ರಿ, ನಾ ಹೇಳ್ತೀನಿ. ಇನ್ನೂ ಭಾಳ ಕತಿ ಅದಾವ."

ಅವರ ಕಾರು ಓಣಿ ದಾಟಿದ ಮೇಲೆ ಮುದುಕಪ್ಪ ಗೆದ್ದ ಹೋರಿಯಂತೆ ಪಡಸಾಲೆಯಲ್ಲಿ ಎರಡು ಸುತ್ತು ಹಾಕಿದ. ಮೀಸೆ ತಿರುವಿದ. ಎದೆ ತಟ್ಟಿಕೊಂಡು, ಇದೆಲ್ಲ ನನ್ನ ಸಂಯಮದ ಫಲ ಎಂದು ಹೆಂಡತಿಗೆ ಸನ್ನೆ ಮಾಡಿದ. ಅವಳು ದೇವರಿಗೆ ದೀಪ ಹಚ್ಚಿದಳು.

ದೀಪದ ಹೊತ್ತಿಗೇ ಪಕ್ಕದ ಮನೆಯ ಕುಬ್ರಾ ಬೇಗಂ ಬಂದರು. ಶಾಲೆಯ ಟೀಚರ್ ಆಗಿ ನಿವೃತ್ತರಾದವರು, ಕಾಗದ ಕಂಡರೆ ಓದದೆ ಇಡುವವರಲ್ಲ. ಇನ್ನೆಷ್ಟು ತಾಸು ಬಾಯಿ ಮುಚ್ಚಬೇಕೆಂದು ಮುದುಕಪ್ಪ ಚೀಟಿ ತೋರಿಸಿ ಬೆರಳಲ್ಲೇ ಕೇಳಿದ. ಅವರು ಪಾಠ ಓದಿದಂತೆ ಓದಿದರು.

"'ಒಂದು ತಾಸಿನ ನಂತರ ಹತ್ತಿ ತೆಗೆಯಿರಿ. ಇಪ್ಪತ್ನಾಲ್ಕು ತಾಸು ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ. ಬಿಸಿ ಪದಾರ್ಥ ಬೇಡ, ಐಸ್‌ಕ್ರೀಮ್ ತಿನ್ನಬಹುದು. ಹತ್ತಿ ತೆಗೆದ ಬಳಿಕ ಎಂದಿನಂತೆ ಮಾತನಾಡಬಹುದು.' ಮಾತಾಡ್ರಿ ಅಣ್ಣಾ, ಯಾರು ಬ್ಯಾಡ ಅಂದ್ರು?"

ಮುದುಕಪ್ಪ ಗಡಿಯಾರ ನೋಡಿದ. ಹೆಂಡತಿಯನ್ನು ನೋಡಿದ. ಬೆಳಗಿನಿಂದ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಗಂಟಲಿಗೆ ಬಂತು. ಒಳಗೆ ಶಿವಗಂಗಾ ತಟ್ಟೆ ತೊಳೆಯುತ್ತ ಸಣ್ಣ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಗುಂಜಹಳ್ಳಿಯಲ್ಲಿ ಅವನು ಗೆದ್ದ ಅದೇ ಪದ. ಒಂದೂ ತಪ್ಪಿರಲಿಲ್ಲ.

ಅವನು ತೆರೆದ ಬಾಯಿ ಮುಚ್ಚಿಕೊಂಡ.

ಗುರುಶಾಂತಮ್ಮ ಎದ್ದು ಜೋಳದ ಹಿಟ್ಟಿನ ಡಬ್ಬಿಯೊಳಗೆ ಮೊಳಕೈವರೆಗೆ ಕೈ ಇಳಿಸಿದಳು. ಚಷ್ಮಾ ಹೊರತೆಗೆದು, ಸೆರಗಿನಿಂದ ಹಿಟ್ಟು ಒರೆಸಿ, ಗಂಡನ ಅಂಗೈಯಲ್ಲಿಟ್ಟಳು.